ಆಡದ ಪಂದ್ಯಗಳ ಲೆಕ್ಕ

ಪಿಟ್ಸ್‌ಬರ್ಗ್‌ನಿಂದ ಬಂದ ನಿಮ್ಮ ಪತ್ರ ನಾಲ್ಕು ಪುಟ ಇದೆ. ಕೋಪ ಮೊದಲ ಪುಟದಲ್ಲೇ ತೀರಿಹೋಗಿ, ಉಳಿದ ಮೂರರಲ್ಲಿ ಬರೀ ಲೆಕ್ಕವಿದೆ. ಇಂಥ ಪತ್ರಗಳಿಗೆ ಉತ್ತರ ಬರೆಯುವುದು ಸಂಪಾದಕನಿಗೆ ಸಿಗುವ ಅಪರೂಪದ ಸುಖ.

ಕಳೆದ ಸಂಚಿಕೆಯಲ್ಲಿ ನಾವು, ಐಸ್ ಹಾಕಿಯ ಫಾರ್ವರ್ಡ್‌ಗಳಲ್ಲಿ ವೇಯ್ನ್ ಗ್ರೆಟ್ಸ್ಕಿ ಮುಟ್ಟಿದ ಎತ್ತರಕ್ಕೆ ಸಾಟಿಯಿಲ್ಲ, ಇದು 'ನಿರ್ವಿವಾದ' ಎಂದು ಬರೆದಿದ್ದೆವು. ನೀವು ನಿಮ್ಮೂರ ತಂಡದ ಮಾರಿಯೊ ಲೆಮ್ಯೂ ಅವರ 1992–93ರ ಋತುವನ್ನು ಮುಂದಿಟ್ಟಿದ್ದೀರಿ. 60 ಪಂದ್ಯಗಳಲ್ಲಿ 160 ಪಾಯಿಂಟ್. 80 ಆಡಿದ್ದರೆ 213 ಆಗುತ್ತಿತ್ತು, ಗ್ರೆಟ್ಸ್ಕಿಯ ದಾಖಲೆ 215, ಎರಡು ಪಾಯಿಂಟ್ ಅಂತರಕ್ಕೆ ಇಷ್ಟು ದೊಡ್ಡ ಪದವೇ ಎಂದು ಕೇಳಿದ್ದೀರಿ.

ಹಾಕಿ ಎಂದೊಡನೆ ಕೊಡಗಿನ ಮೈದಾನವನ್ನೇ ನೆನೆಯುವ ಓದುಗರಿಗಾಗಿ ಒಂದು ಮಾತು. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಗೋಲು ಹೊಡೆದವನಿಗೆ ಒಂದು ಪಾಯಿಂಟ್; ಅವನಿಗೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ದಾಟಿಸಿಕೊಟ್ಟವರಲ್ಲಿ ಹೆಚ್ಚೆಂದರೆ ಇಬ್ಬರಿಗೆ ಅಸಿಸ್ಟ್ ಎಂದು ಒಂದೊಂದು ಪಾಯಿಂಟ್. ಗ್ರೆಟ್ಸ್ಕಿ 1985–86ರಲ್ಲಿ ಪಡೆದ 215ರಲ್ಲಿ 163 ಅಸಿಸ್ಟ್‌ಗಳೇ. ಆ ವರ್ಷ ಎರಡನೆಯ ಸ್ಥಾನದಲ್ಲಿದ್ದವರು ಇದೇ ಲೆಮ್ಯೂ, ಗೋಲು ಅಸಿಸ್ಟ್ ಎಲ್ಲ ಸೇರಿ 141.

ಆಡದ ಪಂದ್ಯಗಳಿಗೆ ಪಾಯಿಂಟ್ ಕೊಡಲು ನನಗೆ ಮನಸ್ಸಾಗುವುದಿಲ್ಲ. ಕಾರಣವನ್ನು ಗ್ರೆಟ್ಸ್ಕಿಯಿಂದಲೇ ತೋರಿಸುತ್ತೇನೆ. 1983–84ರಲ್ಲಿ ಅವರು ಋತುವಿನ ಮೊದಲ ದಿನದಿಂದ ಸತತ 51 ಪಂದ್ಯಗಳಲ್ಲಿ ಪಾಯಿಂಟ್ ಗಳಿಸಿದರು: 61 ಗೋಲು, 92 ಅಸಿಸ್ಟ್, ಒಟ್ಟು 153. ಪಂದ್ಯಕ್ಕೆ ಕರಾರುವಾಕ್ಕಾಗಿ ಮೂರು. ನಿಮ್ಮ ಸೂತ್ರವನ್ನು ಇದಕ್ಕೆ ಹಚ್ಚಿದರೆ 80 ಪಂದ್ಯಗಳಿಗೆ 240! ನಿಜದಲ್ಲಿ ಆದದ್ದೇನು? ಭುಜದ ನೋವಿನಿಂದ ಆರು ಪಂದ್ಯ ತಪ್ಪಿದವು. ಸರಣಿ ಮುರಿದ ಮೇಲೆ ಆಡಿದ 23 ಪಂದ್ಯಗಳಲ್ಲಿ ಬಂದದ್ದು 52 ಪಾಯಿಂಟ್, ಅಂದರೆ ಪಂದ್ಯಕ್ಕೆ 2.26. ಋತು 205ಕ್ಕೆ ಮುಗಿಯಿತು. ದೇಹ ದಣಿಯುತ್ತದೆ, ಎದುರಾಳಿ ಕಲಿಯುತ್ತಾನೆ. ಭಾಗಾಕಾರಕ್ಕೆ ಇದೊಂದೂ ಗೊತ್ತಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಡುವವನಿದ್ದೆ. ಆದರೆ ಅದೇ ತಕ್ಕಡಿಯಲ್ಲಿ ಲೆಮ್ಯೂ ಅವರನ್ನೂ ತೂಗಬೇಕಲ್ಲ. 1993ರ ಜನವರಿಯಲ್ಲಿ ಅವರಿಗೆ ಹಾಜ್‌ಕಿನ್ಸ್ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾದಾಗ ಅವರ ಲೆಕ್ಕ 40 ಪಂದ್ಯ, 104 ಪಾಯಿಂಟ್. ಮಾರ್ಚ್ 2ರಂದು ಕೊನೆಯ ವಿಕಿರಣ ಚಿಕಿತ್ಸೆ ಮುಗಿಸಿ, ಅದೇ ದಿನ ಫಿಲಡೆಲ್ಫಿಯಾಕ್ಕೆ ಹೋಗಿ ಆಡಿದರು. ಒಂದು ಗೋಲು, ಒಂದು ಅಸಿಸ್ಟ್. ಎದುರಾಳಿಯ ಮೇಲೆ ದಯೆ ತೋರುವ ಅಭ್ಯಾಸವೇ ಇಲ್ಲದ ಆ ಊರಿನ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತಿಗೆ ಬಫಲೋ ತಂಡದ ಪ್ಯಾಟ್ ಲಾಫೊಂಟೇನ್ ಪಾಯಿಂಟ್ ಪಟ್ಟಿಯಲ್ಲಿ ಅವರನ್ನು 12ರಿಂದ ಹಿಂದೆ ಹಾಕಿದ್ದರು. ಋತು ಮುಗಿದಾಗ ಲೆಮ್ಯೂ 160, ಲಾಫೊಂಟೇನ್ 148. ಚಿಕಿತ್ಸೆಯ ನಂತರದ 20 ಪಂದ್ಯಗಳಲ್ಲಿ 56 ಪಾಯಿಂಟ್. ಮೊದಲು ಪಂದ್ಯಕ್ಕೆ 2.6 ಇದ್ದದ್ದು 2.8ಕ್ಕೆ ಏರಿತು. ದಣಿದ ದೇಹದ ವೇಗ ಇಳಿಯುತ್ತದೆ ಎಂದು ಈಗಷ್ಟೇ ಹೇಳಿದವನು ನಾನು. ನನ್ನ ವಾದ ಕಾಲು ಜಾರುವುದು ಇಲ್ಲೇ.

ಕಾಲದ ಮಾತೂ ನಿಮ್ಮ ಕಡೆಗೇ ವಾಲುತ್ತದೆ. ಗ್ರೆಟ್ಸ್ಕಿಯ ಆ 205ರ ವರ್ಷ ಲೀಗಿನಲ್ಲಿ ಒಂದು ಪಂದ್ಯಕ್ಕೆ ಎರಡೂ ತಂಡಗಳಿಂದ ಎಂಟಕ್ಕೆ ಹತ್ತಿರ ಗೋಲುಗಳು ಬೀಳುತ್ತಿದ್ದವು; 1992–93ರಲ್ಲಿ ಸುಮಾರು ಏಳೂಕಾಲು. ಅದನ್ನು ಸರಿದೂಗಿಸಿದರೆ ಗ್ರೆಟ್ಸ್ಕಿಯ ಪಂದ್ಯಕ್ಕೆ 2.77 ಎಂಬುದು 2.55ರ ಆಸುಪಾಸಿಗೆ ಇಳಿದು, ಲೆಮ್ಯೂ ಅವರ 2.67ಕ್ಕಿಂತ ಹಿಂದೆ ಬೀಳುತ್ತದೆ. ಆದರೆ ಒಟ್ಟಾವ ಮತ್ತು ಟ್ಯಾಂಪಾ ಬೇ ತಂಡಗಳು ಹೊಸದಾಗಿ ಸೇರಿದ್ದೂ ಅದೇ ವರ್ಷ. ಒಟ್ಟಾವ 84 ಪಂದ್ಯಗಳಲ್ಲಿ ಗೆದ್ದದ್ದು ಹತ್ತು. ಹಿಂದಿನ ವರ್ಷ ಬಂದ ಸ್ಯಾನ್ ಹೊಸೆ ಹನ್ನೊಂದು. ಇಂಥ ಮೆತ್ತನೆಯ ಎದುರಾಳಿಗಳ ಬಗ್ಗೆ ನಿಮ್ಮ ಮೂರು ಪುಟಗಳಲ್ಲಿ ಒಂದು ಸಾಲೂ ಇಲ್ಲವಲ್ಲ!

ಸಹ ಆಟಗಾರರ ವಿಷಯದಲ್ಲಿ ನೀವು ಬರೆದದ್ದು ಪೂರ್ತಿ ಸರಿ, ಪೂರ್ತಿ ನ್ಯಾಯವಲ್ಲ. 1988–89ರಲ್ಲಿ ಪಿಟ್ಸ್‌ಬರ್ಗ್ ಹೊಡೆದ 347 ಗೋಲುಗಳಲ್ಲಿ 199ರಲ್ಲಿ ಲೆಮ್ಯೂ ಕೈಯಿತ್ತು, ನೂರಕ್ಕೆ 57. ಗ್ರೆಟ್ಸ್ಕಿಯ ಸುತ್ತ ಕುರ್ರಿ, ಮೆಸ್ಸಿಯರ್, ಕಾಫಿ ಎಂಬ ದೊಡ್ಡ ಆಟಗಾರರು ಇದ್ದರು ಎನ್ನುತ್ತೀರಿ. ಆ 1988–89ರಲ್ಲಿ ಪಾಲ್ ಕಾಫಿ ಪಿಟ್ಸ್‌ಬರ್ಗ್‌ನಲ್ಲೇ ಇದ್ದರು. ಮತ್ತೆ, ಆ ವರ್ಷದ ಅತ್ಯಮೂಲ್ಯ ಆಟಗಾರನ ಹಾರ್ಟ್ ಟ್ರೋಫಿ ಹೋದದ್ದು 168 ಪಾಯಿಂಟ್‌ಗಳ ಗ್ರೆಟ್ಸ್ಕಿಗೆ! ಅದು ಅನ್ಯಾಯವೆಂದು ನನಗೂ ಅನಿಸುತ್ತದೆ.

ಹಾಗಾದರೆ ತೀರ್ಪು? ಒಂದೇ ಒಂದು ಪಂದ್ಯಕ್ಕೆ ತಂಡ ಕಟ್ಟು ಎಂದರೆ, 193 ಸೆಂಟಿಮೀಟರ್ ಎತ್ತರದ ಲೆಮ್ಯೂ ಹೆಸರನ್ನು ಮೊದಲು ಬರೆಯುತ್ತೇನೆ. ಆ ಉದ್ದ ತೋಳುಗಳ ಆಚೆಯಿರುವ ಪಕ್ಕನ್ನು ಕಸಿಯಲು ಹೋದವನು ಬರಿಗೈಯಲ್ಲಿ ಹಿಂದಿರುಗಬೇಕು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಇಡೀ ಋತುವಿಗಾದರೆ ಗ್ರೆಟ್ಸ್ಕಿ. ಗೋಲಿನ ಹಿಂದೆ ನಿಂತು ಬಲೆಯ ಚೌಕಟ್ಟನ್ನೇ ಕಾವಲಿಗೆ ಇಟ್ಟುಕೊಂಡು, ಯಾರು ಎಲ್ಲಿಗೆ ಬರುತ್ತಾರೆಂದು ಕಾಯುತ್ತಿದ್ದ ಆ ಸಪೂರ ಮನುಷ್ಯ 200 ಪಾಯಿಂಟ್‌ಗಳನ್ನು ನಾಲ್ಕು ಬಾರಿ ದಾಟಿದರು. ಬೇರಾರೂ ಒಮ್ಮೆಯೂ ಮುಟ್ಟಿಲ್ಲ. ಉತ್ತುಂಗ ಎಂದರೆ ಶಿಖರದ ತುದಿಯೋ, ಮೇಲಿನ ಬಯಲೋ ಎಂಬಲ್ಲಿ ನೀವೂ ನಾನೂ ಬೇರೆಯಾಗುತ್ತೇವೆ, ಅಷ್ಟೆ.

'ನಿರ್ವಿವಾದ' ಎಂಬ ಪದವನ್ನು ಹಿಂತೆಗೆದುಕೊಂಡಿದ್ದೇವೆ. ನಾಲ್ಕು ಪುಟಗಳ ವಿವಾದ ನನ್ನ ಮೇಜಿನ ಮೇಲೆಯೇ ಇದೆ. ಲೆಮ್ಯೂ 1988–89ರಲ್ಲಿ 199 ಪಾಯಿಂಟ್ ಪಡೆದದ್ದು 80 ಪಂದ್ಯಗಳಲ್ಲಿ ಎಂದು ಲೇಖನದಲ್ಲಿ ಅಚ್ಚಾಗಿತ್ತು. ಅವರು ಆಡಿದ್ದು 76. ಅದು ನಮ್ಮ ತಪ್ಪು, ಮತ್ತು ತಿದ್ದಿದ್ದರೆ ನಿಮ್ಮ ವಾದಕ್ಕೆ ಅನುಕೂಲವಾಗುತ್ತಿದ್ದ ಈ ತಪ್ಪನ್ನು ನೀವೂ ಗಮನಿಸಿಲ್ಲ.