ಟಿವಿ ಮಾತಾಡುತ್ತದೆ, ಹೋಮ್ ಥಿಯೇಟರ್ ಸುಮ್ಮನಿದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೋಮ್ ಥಿಯೇಟರ್‌ನದ್ದೇ ಜಾಸ್ತಿ. ಆದರೆ ಯಾವ ವೈರನ್ನು ಎಲ್ಲಿ ಸಿಕ್ಕಿಸಿದ್ದೀರಿ ಅಂತ ಬರೆದವರು ಭಾಳ ಕಡಿಮೆ. ಮುಂದಿನ ಸಲ ಸೆಟ್‌ನ ಹಿಂಭಾಗದ ಒಂದು ಫೋಟೋ ಕಳಿಸಿಬಿಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ಹೊಸ ಟಿವಿ, ಎವಿ ರಿಸೀವರ್ (ಸ್ಪೀಕರ್‌ಗಳಿಗೆ ಸದ್ದು ಹಂಚುವ ಪೆಟ್ಟಿಗೆ), 5.1 ಸ್ಪೀಕರ್ (ಐದು ಸ್ಪೀಕರ್, ಬೇಸ್‌ಗೆ ಒಂದು ಸಬ್‌ವೂಫರ್) ಎಲ್ಲ ಒಟ್ಟಿಗೆ ತಂದೆವು. ಸೆಟ್‌ಟಾಪ್ ಬಾಕ್ಸ್‌ನಿಂದ ಟಿವಿಗೆ ಒಂದು ಎಚ್‌ಡಿಎಂಐ ಕೇಬಲ್, ಟಿವಿಯಿಂದ ರಿಸೀವರ್‌ಗೆ ಇನ್ನೊಂದು. ಆವಾಜ್ ಮಾತ್ರ ಟಿವಿಯಿಂದಲೇ ಬರುತ್ತಿದೆ. ಅಂಗಡಿಯವರು ರಿಸೀವರ್ ಬದಲಿಸಿ ಅಂತಾರೆ, ಏನು ಮಾಡಲಿ ಸರ? (ಬೆಟಗೇರಿ, ಗದಗ)

ಉತ್ತರ: ತಡೀರಿ, ಏನೂ ಬದಲಿಸಬೇಡಿ. ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ ಹೋಗುವ ದಿಕ್ಕಿಗೇ ಸದ್ದೂ ಹೋಗುತ್ತದೆ, ಅಂದರೆ ಟಿವಿಯ ಕಡೆಗೆ. ಟಿವಿಯಿಂದ ವಾಪಸ್ ರಿಸೀವರ್‌ಗೆ ಸದ್ದು ಬರಬೇಕಾದರೆ ಎಆರ್‌ಸಿ ಅನ್ನುವ ಸೌಲಭ್ಯ ಬೇಕು. ಇದು 2009ರ ಎಚ್‌ಡಿಎಂಐ 1.4ರಿಂದ ಬಂತು. ಟಿವಿ ಹಿಂದೆ ಮೂರು ಸಾಕೆಟ್ ಇದ್ದರೂ ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಮಾತ್ರ ಎಆರ್‌ಸಿ ಅಥವಾ ಇ-ಎಆರ್‌ಸಿ (ಅದರದ್ದೇ ಸುಧಾರಿತ ರೂಪ) ಅಂತ ಸಣ್ಣಗೆ ಬರೆದಿರುತ್ತದೆ. ಮೊಬೈಲ್ ಟಾರ್ಚ್ ಹಾಕಿ ನೋಡಿ. ಕೇಬಲ್ ಅಲ್ಲಿಗೇ ಹೋಗಬೇಕು.

ಇನ್ನೊಂದು ತುದಿಯಲ್ಲೇ ಜನ ಎಡವುವುದು. ಸದ್ದು ರಿಸೀವರ್ ಒಳಗೆ ಬರಬೇಕಲ್ವಾ, ಹಾಗಾಗಿ 'ಇನ್' ಅಂತ ಬರೆದ ಸಾಕೆಟ್‌ಗೇ ಹಾಕಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಹಾಗಲ್ಲ. ರಿಸೀವರ್‌ನಲ್ಲಿ ಎಚ್‌ಡಿಎಂಐ 'ಔಟ್' ಅಂತ ಇರುವ, ಪಕ್ಕದಲ್ಲಿ ಎಆರ್‌ಸಿ ಅಂತ ಬರೆದ ಸಾಕೆಟ್‌ಗೇ ಹಾಕಬೇಕು, ಯಾಕಂದರೆ ಚಿತ್ರ ಹೊರಗೆ ಹೋಗುವ ಆ ಕೇಬಲ್‌ನಲ್ಲೇ ಟಿವಿಯ ಸದ್ದು ಹಿಂದಕ್ಕೆ ಬರುತ್ತದೆ.

ಆಮೇಲೆ ಸೆಟ್ಟಿಂಗ್. ಟಿವಿಯಲ್ಲೂ ರಿಸೀವರ್‌ನಲ್ಲೂ ಸಿಇಸಿ (ಎಚ್‌ಡಿಎಂಐ ಕೇಬಲ್ ಮೂಲಕ ಒಂದು ಸೆಟ್ ಇನ್ನೊಂದನ್ನು ನಿಯಂತ್ರಿಸುವ ಸೌಲಭ್ಯ) ಆನ್ ಆಗಿರಬೇಕು. ಕಂಪನಿಗಳು ಇದಕ್ಕೆ ಒಂದೊಂದು ಹೆಸರು ಇಟ್ಟುಕೊಂಡಿವೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಟಿವಿಯ ಸೌಂಡ್ ಔಟ್‌ಪುಟ್‌ನಲ್ಲಿ ಟಿವಿ ಸ್ಪೀಕರ್ ಬದಲು ರಿಸೀವರ್ ಆರಿಸಿ. ಇಷ್ಟಾದರೂ ಬರದಿದ್ದರೆ ಎಲ್ಲದರ ಪ್ಲಗ್ ಕಿತ್ತು, ಎರಡು ನಿಮಿಷ ಬಿಟ್ಟು ಮತ್ತೆ ಹಾಕಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು.

ನನ್ನನ್ನು ಕೇಳಿದರೆ ಸೆಟ್‌ಟಾಪ್ ಬಾಕ್ಸನ್ನು ನೇರ ರಿಸೀವರ್‌ನ 'ಇನ್'ಗೇ ಹಾಕಿಬಿಡಿ. ಬಾಕ್ಸ್‌ನ ಸದ್ದು ಟಿವಿಗೆ ಹೋಗಿ ಸುತ್ತು ಹೊಡೆದು ಬರುವುದು ತಪ್ಪುತ್ತದೆ, ಟಿವಿಯೊಳಗಿನ ಆ್ಯಪ್‌ಗಳ ಸದ್ದು ಮಾತ್ರ ಎಆರ್‌ಸಿಯಲ್ಲಿ ಬರುತ್ತದೆ. ಹಳೇ ರಿಸೀವರ್ ಆಗಿದ್ದು 4ಕೆ ಚಿತ್ರ ದಾಟಿಸದಿದ್ದರೆ ಮಾತ್ರ ಈಗಿರುವ ಹಾಗೇ ಇರಲಿ.

ಇದೆಲ್ಲ ಸರಿಯಾದ ಮೇಲೆ ನಿಮ್ಮ ಮುಂದಿನ ಪತ್ರ 'ಹಿಂದಿನ ಸ್ಪೀಕರ್ ಹಾಡುತ್ತಿಲ್ಲ' ಅಂತ ಬರುತ್ತದೆ, ಗೊತ್ತು! ಸುದ್ದಿ, ಧಾರಾವಾಹಿಗಳ ಸದ್ದು ಬಹುತೇಕ ಎರಡೇ ಚಾನೆಲ್‌ನದ್ದು, ಅಂದರೆ ಎಡ-ಬಲ ಸ್ಪೀಕರ್‌ಗೆ ಮಾತ್ರ. ಒಟಿಟಿಯಲ್ಲಿ 5.1 ಅಂತ ತೋರಿಸುವ ಸಿನಿಮಾ ಹಾಕಿ ನೋಡಿ. ಟಿವಿಯ ಡಿಜಿಟಲ್ ಔಟ್‌ಪುಟ್ ಪಿಸಿಎಂ (ಟಿವಿಯೇ ಬಿಡಿಸಿ ಕೊಡುವ ಸದ್ದು) ಅಂತ ಇದ್ದರೆ ಎಆರ್‌ಸಿಯಲ್ಲಿ ಎರಡೇ ಚಾನೆಲ್ ಬರುತ್ತದೆ, ಅದನ್ನು ಆಟೋ ಅಥವಾ ಬಿಟ್‌ಸ್ಟ್ರೀಮ್‌ಗೆ (ಸದ್ದನ್ನು ಬಿಡಿಸದೆ ಹಾಗೇ ದಾಟಿಸುವುದು) ತನ್ನಿ.

ಪ್ರಶ್ನೆ: ನಮ್ಮ ಹಳೇ ಹೋಮ್ ಥಿಯೇಟರ್ ಗಟ್ಟಿಮುಟ್ಟಾಗಿದೆ. ಹಿಂದೆ ಆರು ಆರ್‌ಸಿಎ ತೂತು (ಹಳೇ ಕಾಲದ ದುಂಡನೆಯ ಸಾಕೆಟ್) ಬಿಟ್ಟರೆ ಬೇರೇನೂ ಇಲ್ಲ. ಹೊಸ ಟಿವಿಯಲ್ಲಿ ಎಚ್‌ಡಿಎಂಐ ಮತ್ತು ಆಪ್ಟಿಕಲ್ (ಬೆಳಕಿನ ಮೂಲಕ ಸದ್ದು ಕಳಿಸುವ ಸಾಕೆಟ್) ಅಷ್ಟೇ. ಗುಜರಿಗೆ ಹಾಕಲು ಮನಸ್ಸಿಲ್ಲ. (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಹಾಕಲೂಬೇಡಿ. ಆ ಆರು ತೂತು ಡಿವಿಡಿ ಪ್ಲೇಯರ್ ಕಾಲದವು, ಒಂದೊಂದು ಚಾನೆಲ್‌ಗೆ ಒಂದೊಂದು. ಈಗ ನಡುವೆ ಒಂದು ಪೆಟ್ಟಿಗೆ ಬೇಕು. ಅಂಗಡಿಯಲ್ಲಿ ಸುಮ್ನೆ 'ಆಪ್ಟಿಕಲ್ ಕನ್ವರ್ಟರ್' ಅಂತ ಕೇಳಿದರೆ ಎರಡೇ ಆರ್‌ಸಿಎ ಇರುವ ಅಗ್ಗದ ಡಬ್ಬಿ ಕೊಡುತ್ತಾರೆ. ಅದರಲ್ಲಿ ಎರಡು ಸ್ಪೀಕರ್‌ಗೆ ಮಾತ್ರ ಸದ್ದು ಸಿಗುತ್ತದೆ, ಅದೂ ಟಿವಿಯನ್ನು ಪಿಸಿಎಂಗೆ ಇಟ್ಟರೆ ಮಾತ್ರ, ಇಲ್ಲದಿದ್ದರೆ ಬರೀ ಕರಕರ ಅಥವಾ ಪೂರ್ತಿ ಮೌನ. ನಿಮಗೆ ಬೇಕಾದ್ದು ಡಾಲ್ಬಿ ಡಿಜಿಟಲ್ (5.1 ಸದ್ದನ್ನು ಅಡಕಮಾಡಿ ಕಳಿಸುವ ರೂಪ) ಬಿಡಿಸಬಲ್ಲ 5.1 ಡಿಕೋಡರ್. ಹಿಂದೆ ಆರು ಔಟ್‌ಪುಟ್ ಇವೆಯಾ ಅಂತ ಎಣಿಸಿಕೊಂಡೇ ದುಡ್ಡು ಕೊಡಿ. ಇದಕ್ಕೆ ಟಿವಿ ಬಿಟ್‌ಸ್ಟ್ರೀಮ್‌ನಲ್ಲೇ ಇರಬೇಕು.

ಆಪ್ಟಿಕಲ್ ಕೇಬಲ್‌ನ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ. ತೆಗೆಯದೆ ತುರುಕಿದರೆ ಕೂರುವುದಿಲ್ಲ. ಟಿವಿ ಕಡೆ ಸಿಕ್ಕಿಸಿ ಆನ್ ಮಾಡಿ, ಇನ್ನೊಂದು ತುದಿಯನ್ನು ಅಂಗೈ ಮೇಲೆ ಹಿಡಿದರೆ ಕೆಂಪು ಬೆಳಕಿನ ಚುಕ್ಕಿ ಬೀಳಬೇಕು. ಬಿತ್ತು ಅಂದರೆ ಟಿವಿ, ಕೇಬಲ್ ಎರಡೂ ಸರಿ, ತೊಂದರೆ ಮುಂದೆಲ್ಲೋ ಇದೆ.

ಪ್ರಶ್ನೆ: ಸಿನಿಮಾ ಹಾಕಿದರೆ ಹಾಡು, ಹೊಡೆದಾಟ ಮನೆ ಹಾರಿಸುವಷ್ಟು ಜೋರು, ಮಾತು ಮಾತ್ರ ಕೇಳಿಸುವುದಿಲ್ಲ. ನಮ್ಮದು ಹಳೇ ಮನೆ, ದೊಡ್ಡ ಪಡಸಾಲೆ. (ಹಾವೇರಿ)

ಉತ್ತರ: 5.1 ಸಿನಿಮಾದಲ್ಲಿ ಮಾತು ಹೆಚ್ಚಾಗಿ ನಡುವಿನ ಸೆಂಟರ್ ಸ್ಪೀಕರ್‌ನಿಂದಲೇ ಬರುತ್ತದೆ. ಅದನ್ನು ಶೋಕೇಸ್ ಒಳಗೆ ಗೊಂಬೆಗಳ ಹಿಂದೆ ಇಟ್ಟಿದ್ದೀರಾ? ಮೊದಲು ಹೊರಗೆ ತನ್ನಿ, ಟಿವಿ ಕೆಳಗೆ ಅಂಚಿಗೆ ಸರಿಯಾಗಿ ಇಡಿ, ಕೂತವರ ಮುಖದ ಕಡೆ ಸ್ವಲ್ಪ ಎತ್ತಿ ತಿರುಗಿಸಿ. ಮೆನುವಿನಲ್ಲಿ ಸೆಂಟರ್ ಲೆವೆಲ್ 2-3 ಡೆಸಿಬೆಲ್ ಏರಿಸಿ. ನೈಟ್ ಮೋಡ್ ಇದ್ದರೆ ಆನ್ ಮಾಡಿ, ಜೋರಾದದ್ದು ತಗ್ಗಿ ಮೆಲ್ಲಗಿದ್ದದ್ದು ಏರುತ್ತದೆ. ಸೆಂಟರ್ ಸ್ಪೀಕರ್ ಇಲ್ಲದೆಯೂ ಮೆನುವಿನಲ್ಲಿ 'ಇದೆ' ಅಂತ ಇಟ್ಟುಬಿಟ್ಟರೆ ಮಾತು ಎಲ್ಲೂ ಬರುವುದಿಲ್ಲ, ಅದನ್ನೂ ನೋಡಿ.

ಇನ್ನು ಪಡಸಾಲೆ. ನೆಲಕ್ಕೆ ಫರಸಿ ಕಲ್ಲು, ಸುತ್ತ ಬರೀ ಗೋಡೆ ಇದ್ದರೆ ಸದ್ದು ಚೆಂಡಿನ ಹಾಗೆ ಪುಟಿಯುತ್ತದೆ, ಒಂದು ಮಾತಿನ ಮೇಲೆ ಇನ್ನೊಂದು ಬಂದು ಬೀಳುತ್ತದೆ. ಟಿವಿ ಮುಂದೆ ನವಲಗುಂದದ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಬಿಡಿ, ಮನೆಯಲ್ಲಿ ಕೌದಿ ಇದ್ದರೆ ಹಿಂದಿನ ಗೋಡೆಗೆ ತೂಗುಹಾಕಿ. ಸಾವಿರಾರು ರೂಪಾಯಿಯ ಹೊಸ ಸ್ಪೀಕರ್‌ಗಿಂತ ಮೊದಲು ಇದನ್ನು ಮಾಡಿ.

ಒಂದು ಸ್ಪೀಕರ್‌ಗೆ ಪ್ಲಸ್-ಮೈನಸ್ ಅದಲುಬದಲಾಗಿದ್ದರೂ ಸದ್ದು ತೆಳ್ಳಗಾಗುತ್ತದೆ, ಬೇಸ್ ಕಡಿಮೆಯಾಗುತ್ತದೆ. ಪರೀಕ್ಷೆಗೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ಎರಡೂ ಎಳೆಗಳನ್ನು ರಿಸೀವರ್‌ನಿಂದ ಬಿಚ್ಚಿ. ಸ್ಪೀಕರ್‌ನ ಕೆಂಪು ತುದಿಯಿಂದ ಬಂದ ಎಳೆಯನ್ನು ಸೆಲ್‌ನ ಪ್ಲಸ್‌ಗೆ, ಇನ್ನೊಂದನ್ನು ಮೈನಸ್‌ಗೆ ಕ್ಷಣ ಮಾತ್ರ ತಾಗಿಸಿ. 'ಟಕ್' ಅಂದು ಕೋನ್ (ಸ್ಪೀಕರ್‌ನ ಮುಂದೆ ಅದುರುವ ಪೊರೆ) ಹೊರಗೆ ಬಂದರೆ ಸರಿ, ಒಳಗೆ ಹೋದರೆ ಉಲ್ಟಾ.

ಪ್ರಶ್ನೆ: ಟಿವಿ ಬಂದ್ ಇದ್ದರೂ ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತಲೇ ಇರುತ್ತದೆ. (ಸಪ್ತಾಪುರ, ಧಾರವಾಡ)

ಉತ್ತರ: ಸೆಟ್‌ಟಾಪ್ ಬಾಕ್ಸ್‌ಗೆ ಬರುವ ಡಿಶ್ ಅಥವಾ ಕೇಬಲ್ ಟಿವಿಯ ವೈರ್ ಬಿಚ್ಚಿ ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕ ಹಾಗೆ. ಹೊರಗಿನ ವೈರ್‌ನ ಅರ್ಥಿಂಗ್‌ಗೂ ನಿಮ್ಮ ಮನೆಯ ಅರ್ಥಿಂಗ್‌ಗೂ ತಾಳ ತಪ್ಪಿದಾಗ ಹೀಗಾಗುತ್ತದೆ. ಎಲ್ಲ ಪ್ಲಗ್ ಒಂದೇ ಬೋರ್ಡ್‌ಗೆ ಹಾಕಿ, ಸಬ್‌ವೂಫರ್‌ನ ಆರ್‌ಸಿಎ ಕೇಬಲನ್ನು ಕರೆಂಟ್ ವೈರ್‌ಗಳಿಂದ ದೂರ ಎಳೆಯಿರಿ. ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಮುರಿದರೆ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗುಂಯ್ ನಿಲ್ಲಬಹುದು, ಆದರೆ ಮುಟ್ಟಿದವರಿಗೆ ಶಾಕ್ ಹೊಡೆಯುವ ಅಪಾಯ ಇದೆ.

ಪ್ರಶ್ನೆ: ಹಿಂದಿನ ಸ್ಪೀಕರ್‌ಗೆ ಯಾವ ವೈರ್? ಹೊಸ ಮನೆ ಕಟ್ಟಿಸುತ್ತಿದ್ದೇವೆ. (ರಾಣೆಬೆನ್ನೂರು)

ಉತ್ತರ: 10 ಮೀಟರ್ ಒಳಗೆ 16 ಗೇಜ್ ತಾಮ್ರದ ವೈರ್ ಧಾರಾಳ. ಅದಕ್ಕಿಂತ ಉದ್ದಕ್ಕೆ 14 ಗೇಜ್ ತಗೊಳ್ಳಿ (ಗೇಜ್ ಅಂಕಿ ಕಡಿಮೆಯಾದಷ್ಟೂ ವೈರ್ ದಪ್ಪ). ತುದಿಯನ್ನು ಒಂದು ಸೆಂಟಿಮೀಟರ್ ಸುಲಿದು ಬಿಗಿಯಾಗಿ ಹೊಸೆಯಿರಿ. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ ತಾನಾಗಿಯೇ ಬಂದ್ ಆಗಬಹುದು, ಸುಟ್ಟೂ ಹೋಗಬಹುದು. ಸ್ಪೀಕರ್‌ಗಳನ್ನು ಬೆನ್ನ ಹಿಂದೆ ನೇರ ಇಡಬೇಡಿ, ಕೂತ ಜಾಗದ ಎರಡೂ ಪಕ್ಕದಲ್ಲಿ ಸ್ವಲ್ಪ ಹಿಂದಕ್ಕೆ, ಕಿವಿಗಿಂತ ತುಸು ಮೇಲೆ ಇರಲಿ. ಗೋಡೆ ಕೊರೆಸುವಾಗ ಖಾಲಿ ಪೈಪ್ ಹಾಕಿಸಿ, ಬರೀ ವೈರ್ ಹುಗಿಸಬೇಡಿ. ಎಚ್‌ಡಿಎಂಐ ಕೇಬಲ್ ಕೂಡ ಅದರಲ್ಲೇ ಹೋಗುವುದಾದರೆ ಅದರ ತಲೆ ದಾಟುವಷ್ಟು ಅಗಲದ ಪೈಪ್ ಕೇಳಿ, ಮೂಲೆಯಲ್ಲಿ ಎಲ್ಬೋ ಬೇಡ, ಉದ್ದನೆಯ ಬೆಂಡ್ ಹಾಕಲು ಹೇಳಿ.