ನಾಲ್ಕು ಬದಿ ಅಳೆದರೆ ಸಾಲದು

ಪ್ರಶ್ನೆ: ಒಂದು ಸೈಟು ನೋಡಿದ್ದೇವೆ ಸಾರ್. ಮುಂದೆ 30 ಅಡಿ, ಹಿಂದೆ 36, ಎಡಕ್ಕೆ 40, ಬಲಕ್ಕೆ 44. ಮುಂದಿನದು ಹಿಂದಿನದು ಕೂಡಿಸಿ ಅರ್ಧ ಮಾಡಿ, ಎಡಬಲದ್ದೂ ಹಾಗೇ ಮಾಡಿ, ಎರಡನ್ನೂ ಗುಣಿಸಿ ಬ್ರೋಕರ್ 1386 ಚದರಡಿ ಅಂತಾರೆ. ಸರಿನಾ?
– ಓದುಗರೊಬ್ಬರು, ತುಮಕೂರು

ಉತ್ತರ: ಸರಿಯಿಲ್ಲ. ಈ ಲೆಕ್ಕ ನಾಲ್ಕೂ ಮೂಲೆ ಮಟ್ಟವಾಗಿರುವ ಸೈಟಿಗೆ ಮಾತ್ರ ಸರಿಹೋಗುತ್ತದೆ. ಸೊಟ್ಟ ಸೈಟಿಗೆ ಹಾಕಿದರೆ ಇರುವುದಕ್ಕಿಂತ ಜಾಸ್ತಿಯೇ ಬರುತ್ತದೆ, ಕಡಿಮೆ ಬರುವುದೇ ಇಲ್ಲ. ಮಾರುವವರಿಗೆ ಇದು ಯಾಕಿಷ್ಟು ಇಷ್ಟ ಅಂತ ಗೊತ್ತಾಯಿತಲ್ವಾ?

ಅಸಲಿಗೆ ನಾಲ್ಕು ಬದಿ ಗೊತ್ತಿದ್ದ ಮಾತ್ರಕ್ಕೆ ವಿಸ್ತೀರ್ಣ ಸಿಗುವುದಿಲ್ಲ. ನಾಲ್ಕು ಮರದ ಪಟ್ಟಿಗಳನ್ನು ಮೂಲೆಗೊಂದೇ ಮೊಳೆ ಹೊಡೆದು ಜೋಡಿಸಿ, ಒಂದು ಕಡೆಯಿಂದ ಒತ್ತಿ ನೋಡಿ. ಚೌಕಟ್ಟು ವಾಲುತ್ತದೆ, ಪಟ್ಟಿಗಳ ಉದ್ದ ಇದ್ದಷ್ಟೇ ಇರುತ್ತದೆ, ಒಳಗಿನ ಜಾಗ ಮಾತ್ರ ಬದಲಾಗುತ್ತಾ ಹೋಗುತ್ತದೆ. ಮೂರು ಪಟ್ಟಿಯ ತ್ರಿಕೋನ ಹಾಗೆ ವಾಲುವುದಿಲ್ಲ. ಅದಕ್ಕೇ ಟೇಪನ್ನು ಮೂಲೆಯಿಂದ ಎದುರು ಮೂಲೆಗೂ ಹಿಡಿದು, ಸೈಟನ್ನು ಎರಡು ತ್ರಿಕೋನ ಮಾಡಿಕೊಳ್ಳಬೇಕು. ಪ್ರತಿ ತ್ರಿಕೋನದ ಮೂರು ಬದಿ ಕೂಡಿಸಿ ಅರ್ಧ ಮಾಡಿ. ಆ ಅರ್ಧದಿಂದ ಒಂದೊಂದು ಬದಿಯನ್ನೂ ಬೇರೆ ಬೇರೆಯಾಗಿ ಕಳೆಯಿರಿ. ಆ ಅರ್ಧವನ್ನೂ, ಕಳೆದು ಬಂದ ಮೂರನ್ನೂ ಒಟ್ಟಿಗೆ ಗುಣಿಸಿ ವರ್ಗಮೂಲ ತೆಗೆದರೆ ಆ ತ್ರಿಕೋನದ ಜಾಗ ಸಿಗುತ್ತದೆ. ಎರಡು ತ್ರಿಕೋನದ್ದೂ ಕೂಡಿಸಿದರೆ ಮುಗಿಯಿತು, ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

ನಿಮ್ಮ ಸೈಟಿನಲ್ಲಿ ಮುಂದಿನ ಬಲ ಮೂಲೆಯಿಂದ ಹಿಂದಿನ ಎಡ ಮೂಲೆಗೆ 50 ಅಡಿ ಬಂದರೆ 600 ಮತ್ತು 770, ಒಟ್ಟು 1370 ಚದರಡಿ. ಹೋಗಲಿ ಬಿಡಿ ಅನ್ನಬಹುದು. ಅದೇ 40 ಅಡಿ ಬಂದರೆ? ಬದಿಗಳು ಅವೇ, ಜಾಗ 1235 ಚದರಡಿ ಅಷ್ಟೇ. ಬ್ರೋಕರ್ ಲೆಕ್ಕಕ್ಕಿಂತ 151 ಕಡಿಮೆ. ಚದರಡಿಗೆ 3,000 ರೂಪಾಯಿ ಅಂತಿಟ್ಟುಕೊಂಡರೂ ನಾಲ್ಕೂವರೆ ಲಕ್ಷ ಸುಮ್ನೆ ಹೋಯಿತು.

ಇದು ಹೊಸ ಜಗಳವೇನಲ್ಲ. ಬ್ರೋಕರ್ ಹೇಳಿದ ಲೆಕ್ಕವನ್ನು ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಬರೆದಿದ್ದ, ಆದರೆ ಅದು ಸ್ಥೂಲ ಲೆಕ್ಕ ಅಂತಲೂ ಹೇಳಿದ್ದ. 12ನೇ ಶತಮಾನದ ಭಾಸ್ಕರಾಚಾರ್ಯನಿಗಂತೂ ಕೋಪವೇ ಬಂದಿತ್ತು. ಕರ್ಣವನ್ನೋ (ಅಂದರೆ ಮೂಲೆಯಿಂದ ಎದುರು ಮೂಲೆಗಿನ ಅಳತೆ) ಲಂಬವನ್ನೋ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನು ಪಿಶಾಚಿ, ಉತ್ತರ ಕೊಡುವವನು ಅವನಿಗಿಂತ ದೊಡ್ಡ ಪಿಶಾಚಿ ಎಂದು 'ಲೀಲಾವತಿ'ಯಲ್ಲಿ ಬೈದಿದ್ದಾನೆ. ಬೇಜಾರು ಮಾಡ್ಕೋಬೇಡಿ, ದೊಡ್ಡ ಪಾಲು ಬ್ರೋಕರಿಗೇ ಬಂತು.

ಪ್ರಶ್ನೆ: 30×40 ಸೈಟಿಗೆ ಹೇಳಿದ ರೇಟಿನ ನಾಲ್ಕು ಪಟ್ಟು 60×80ಕ್ಕೆ ಕೇಳುತ್ತಿದ್ದಾರೆ. ಅಳತೆ ಡಬಲ್ ತಾನೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಲ್ಲಿ ಮಾರುವವರದ್ದೇ ಸರಿ. ಎರಡೂ ಬದಿ ಡಬಲ್ ಆದರೆ ಜಾಗ ನಾಲ್ಕು ಪಟ್ಟು: 1200 ಇದ್ದದ್ದು 4800. ಒಂದೇ ಬದಿ ಡಬಲ್ ಆಗಿ 30×80 ಆಗಿದ್ದರೆ 2400. ಗುಂಟೆಗೂ ಹೀಗೇ. 33 ಅಡಿ ಚೌಕ ಒಂದು ಗುಂಟೆ, 66 ಅಡಿ ಚೌಕ ನಾಲ್ಕು ಗುಂಟೆ. ಸಣ್ಣ ಬದಲಾವಣೆಯಲ್ಲೂ ಇದು ಕಾಣುತ್ತದೆ, 30×40ರ ಎರಡೂ ಬದಿ ಹತ್ತು ಪರ್ಸೆಂಟ್ ಹೆಚ್ಚಿ 33×44 ಆದರೆ ಜಾಗ ಇಪ್ಪತ್ತೊಂದು ಪರ್ಸೆಂಟ್ ಹೆಚ್ಚಿ 1452 ಆಗುತ್ತದೆ.

ಪ್ರಶ್ನೆ: 20×60 ತಗೊಳ್ಳೋದಾ, 30×40 ತಗೊಳ್ಳೋದಾ? ಎರಡೂ 1200 ಅಲ್ವಾ?
– ಗೃಹಿಣಿ, ಹಾಸನ

ಉತ್ತರ: ಜಾಗ ಒಂದೇ, ಸುತ್ತಳತೆ ಬೇರೆ. 30×40ಕ್ಕೆ ಕಾಂಪೌಂಡ್ 140 ಅಡಿ, 20×60ಕ್ಕೆ 160. ಜೊತೆಗೆ ಎರಡು ಪಕ್ಕದಲ್ಲೂ ಮೂರು ಮೂರು ಅಡಿ ಬಿಟ್ಟರೆ 20ರಲ್ಲಿ ಮನೆಗೆ ಉಳಿಯುವ ಅಗಲ 14 ಅಡಿ, 30ರಲ್ಲಿ 24. ರೇಟು ಒಂದೇ ಆಗಿದ್ದರೆ 30×40 ತಗೊಳ್ಳಿ.