‘ನೆವರ್’ ಇಟ್ಟರೂ ಹಾರ್ಡ್ ಡಿಸ್ಕ್ ಮಲಗುತ್ತಿದ್ದರೆ

ಸರ್, ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಹಾರ್ಡ್ ಡಿಸ್ಕ್ ನಿಲ್ಲಿಸುವ ಸಮಯಕ್ಕೆ ‘ನೆವರ್’ (ಎಂದಿಗೂ ಬೇಡ) ಇಟ್ಟಿದ್ದರೂ ನಿಮ್ಮ ಯುಎಸ್‌ಬಿ ಹಾರ್ಡ್ ಡಿಸ್ಕ್ ಐದು ನಿಮಿಷಕ್ಕೊಮ್ಮೆ ನಿಂತುಹೋಗುತ್ತದೆ, ಆಮೇಲೆ ಫೈಲ್ ತೆರೆದರೆ ಎಂಟ್ಹತ್ತು ಸೆಕೆಂಡ್ ಎಲ್ಲ ಸ್ತಬ್ಧ ಅಂತ ಬರೆದಿದ್ದೀರಿ. ಡಿಸ್ಕ್ ಕೆಟ್ಟಿದೆ ಅಂತ ಈಗಲೇ ತೀರ್ಮಾನಕ್ಕೆ ಬರಬೇಡಿ. ಡಿಸ್ಕಿನೊಳಗೆ ತಿರುಗುವ ತಟ್ಟೆ ನಿಂತ ಮೇಲೆ ಮತ್ತೆ ಪೂರ್ತಿ ವೇಗಕ್ಕೆ ಬರಲು ಅಷ್ಟು ಹೊತ್ತು ಹಿಡಿಯುವುದು ಸಹಜ. ಮಲಗಿಸುತ್ತಿರುವುದು ಯಾರು ಅಂತ ಮೊದಲು ಹುಡುಕಬೇಕು. ವಿಂಡೋಸ್, ಡಿಸ್ಕಿನ ಫರ್ಮ್‌ವೇರ್ (ಅದರೊಳಗೇ ಇರುವ ಸಾಫ್ಟ್‌ವೇರ್), ಡಿಸ್ಕನ್ನು ಕೂರಿಸಿರುವ ಯುಎಸ್‌ಬಿ ಡಬ್ಬಿಯೊಳಗಿನ ಪುಟ್ಟ ಬೋರ್ಡ್, ಈ ಮೂರಕ್ಕೂ ಬೇರೆ ಬೇರೆ ಟೈಮರ್ ಇರಬಹುದು.

ವಿಂಡೋಸ್ ಕಡೆಯದು ಬೇಗ ಮುಗಿಯುತ್ತದೆ. ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಗೆ, ಕರೆಂಟಿಗೆ ಪ್ರತ್ಯೇಕ ಸಾಲು ಇರುತ್ತದೆ, ಎರಡನ್ನೂ ನೋಡಿ. ಬಳಸದ ಯುಎಸ್‌ಬಿ ಸಾಧನವನ್ನು ಮಲಗಿಸುವ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಆಫ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ, ವಿದ್ಯುತ್ ಉಳಿಸಲು ಅದನ್ನು ಆಫ್ ಮಾಡಬಹುದು ಎಂಬ ಸಾಲಿನ ಟಿಕ್ ತೆಗೆಯಿರಿ.

ಆದರೂ ನಿಂತರೆ ನನಗೆ ಅನುಮಾನ ಡಬ್ಬಿಯ ಮೇಲೆಯೇ. ನನ್ನ ಡಿಸ್ಕೂ ಹೀಗೇ ಮಾಡಿದಾಗ ನಾನು ಎರಡು ದಿನ ವಿಂಡೋಸ್‌ನಲ್ಲೇ ತಡಕಾಡಿದೆ. ಕೊನೆಗೆ ಡಿಸ್ಕ್ ಹೊರತೆಗೆದು ಸಾಟಾ ಕೇಬಲ್‌ನಲ್ಲಿ ನೇರ ಮದರ್‌ಬೋರ್ಡಿಗೆ ಹಾಕಿದೆ, ಅದು ಒಮ್ಮೆಯೂ ನಿಲ್ಲಲಿಲ್ಲ. ಸ್ಕ್ರೂ ಇರುವ ಡಬ್ಬಿಯಾದರೆ ನೀವೂ ಹೀಗೆ ಪರೀಕ್ಷಿಸಿ. ಅಂಟಿಸಿದ್ದಾದರೆ ಬಿಚ್ಚಬೇಡಿ, ಕೆಲವದರಲ್ಲಿ ಯುಎಸ್‌ಬಿ ಪಿನ್ ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತದೆ. ಅಂಥದ್ದರ ಟೈಮರ್ ಬದಲಿಸಲು ತಯಾರಕರದೇ ಸಾಫ್ಟ್‌ವೇರ್ ಇದೆಯೇ ನೋಡಿ.

ಲಿನಕ್ಸ್‌ನಲ್ಲಿ ಡಿಸ್ಕಿನ ಸೆಟ್ಟಿಂಗ್ ಬದಲಿಸಲು ಎಚ್‌ಡಿಪಾರ್ಮ್ (hdparm) ಆಜ್ಞೆ ಬಳಸುವವರು ದಯವಿಟ್ಟು ಗಮನಿಸಿ. ಎಷ್ಟು ಹೊತ್ತು ಕೆಲಸವಿಲ್ಲದಿದ್ದರೆ ಡಿಸ್ಕ್ ನಿಲ್ಲಬೇಕು ಅಂತ ಹೇಳುವ ದೊಡ್ಡ ಎಸ್ (-S) ಆಯ್ಕೆಗೆ 10 ಕೊಟ್ಟರೆ ಹತ್ತು ನಿಮಿಷ ಅಲ್ಲ, 50 ಸೆಕೆಂಡ್! 240ರವರೆಗೆ ಒಂದೊಂದು ಅಂಕಿಗೂ 5 ಸೆಕೆಂಡ್, ಹಾಗಾಗಿ ಹತ್ತು ನಿಮಿಷಕ್ಕೆ 120. 241ರಿಂದ ಲೆಕ್ಕವೇ ಬೇರೆ: 241 ಅಂದರೆ ಅರ್ಧ ಗಂಟೆ, 242 ಅಂದರೆ ಒಂದು ಗಂಟೆ. 0 ಕೊಟ್ಟರೆ ಟೈಮರ್ ಬಂದ್. ವಿದ್ಯುತ್ ಉಳಿತಾಯದ ಮಟ್ಟ ಹೇಳುವ ದೊಡ್ಡ ಬಿ (-B) ಆಯ್ಕೆಯಲ್ಲಿ 127 ಅಥವಾ ಕಡಿಮೆ ಇದ್ದರೆ ಡಿಸ್ಕಿಗೆ ತಾನಾಗಿ ನಿಲ್ಲಲು ಅನುಮತಿ ಇದೆ ಅಂತ, 128ರಿಂದ ಮೇಲೆ ಇಲ್ಲ. ಕೆಲವು ಯುಎಸ್‌ಬಿ ಡಬ್ಬಿಗಳು ಈ ಆಜ್ಞೆಗಳನ್ನು ಡಿಸ್ಕಿಗೆ ದಾಟಿಸುವುದೇ ಇಲ್ಲ.

ಇನ್ನೊಂದು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ (SMART) ಪಟ್ಟಿಯಲ್ಲಿ 4 ಮತ್ತು 193ನೇ ಸಾಲು ನೋಡಿ. 4 ತಟ್ಟೆ ನಿಂತು ಹೊರಟ ಲೆಕ್ಕ, 193 ಓದುವ-ಬರೆಯುವ ಹೆಡ್ ಬದಿಗೆ ಸರಿದ ಲೆಕ್ಕ. 193 ಮಾತ್ರ ಏರುತ್ತಿದ್ದರೆ ತಟ್ಟೆ ತಿರುಗುತ್ತಲೇ ಇದೆ, ಹೆಡ್ ಮಾತ್ರ ಪಾರ್ಕ್ ಆಗುತ್ತಿದೆ. 197 ಸರಿಯಾಗಿ ಓದಲಾಗದ ಜಾಗಗಳ ಲೆಕ್ಕ, ಅದು ಏರುತ್ತಿದ್ದರೆ ಸೆಟ್ಟಿಂಗ್ ಎಲ್ಲ ಬದಿಗಿಟ್ಟು ಮೊದಲು ಡೇಟಾ ಬೇರೆಡೆ ನಕಲು ಮಾಡಿಕೊಳ್ಳಿ.

ಈ ಮೂರೂ ಅಂಕಿಗಳನ್ನು ಇವತ್ತು ಬರೆದಿಟ್ಟು, ನಾಳೆ ಇದೇ ಹೊತ್ತಿಗೆ ಮತ್ತೆ ನೋಡಿ ಎರಡೂ ದಿನದ ಅಂಕಿಗಳನ್ನು ಇಲ್ಲಿ ಹಾಕಿ. ಡಬ್ಬಿಯ ಮಾದರಿಯನ್ನೂ ತಿಳಿಸಿ ಸರ್.